495 ಬೇರೆ ಆಧಾರಗಳಲ್ಲಿ ಏನಾಗುತ್ತದೆ: ನನ್ನ ಅನುಭವ

ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ಮೂರಂಕಿ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ ಸಂಖ್ಯೆಯನ್ನು ಕಳೆಯುತ್ತ ಹೋದರೆ ಕೊನೆಗೆ 495ಕ್ಕೆ ಬಂದು ನಿಲ್ಲುತ್ತೇವೆ. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು ನಾಲ್ಕಂಕಿಗಳಲ್ಲಿ ಕಂಡುಕೊಂಡ 6174ರ ಗುಣವೂ ಇದೇ. ಗದಗಿನ ಪ್ರೌಢಶಾಲೆಯಲ್ಲಿ ನಾನು ಇದನ್ನು ಮಾಡಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ, "ಸರ್, ಎಂಟರ ಆಧಾರದಾಗ ಮಾಡಿದ್ರೂ 495 ಬರ್ತದೇನ್ರಿ?" ಎಂದು ಕೇಳಿದಳು. ಎಂಟರ ಆಧಾರದಲ್ಲಿ, ಅಂದರೆ 0ರಿಂದ 7ರವರೆಗಿನ ಎಂಟೇ ಅಂಕಿಗಳಿಂದ ಸಂಖ್ಯೆಗಳನ್ನು ಬರೆಯುವ ಪದ್ಧತಿಯಲ್ಲಿ, 9 ಎಂಬ ಅಂಕಿಯೇ ಇಲ್ಲ; ಹಾಗಾದರೆ ಅಲ್ಲಿ ಬರುವುದೇನು ಎಂಬುದನ್ನು ಮಾಡಿಯೇ ನೋಡಲು ನಿರ್ಧರಿಸಿದೆವು.

ಸಂಖ್ಯೆಗಳನ್ನು ದಶಮಾನಕ್ಕೆ ಪರಿವರ್ತಿಸದೆ ಆಯಾ ಆಧಾರದಲ್ಲಿಯೇ ಕಳೆಯಬೇಕೆಂಬುದು ನಾನು ಹಾಕಿದ ನಿಯಮ, ಏಕೆಂದರೆ ಕಾರಣವು ಅಡಗಿರುವುದು ಎರವಲಿನಲ್ಲಿ. ಆಣೆಯ ಲೆಕ್ಕದಲ್ಲಿ ಒಂದು ರೂಪಾಯಿಯನ್ನು ಮುರಿದರೆ ಹದಿನಾರು ಆಣೆ ಸಿಗುತ್ತಿದ್ದಂತೆ, ಎಂಟರ ಆಧಾರದಲ್ಲಿ ಎಡಗಡೆಯ ಸ್ಥಾನದಿಂದ ಒಂದನ್ನು ತಂದರೆ ಎಂಟು ಸಿಗುತ್ತದೆ. 621ರಿಂದ 126ನ್ನು ಕಳೆಯುವಾಗ ಬಿಡಿಸ್ಥಾನದ 1ರಿಂದ 6 ಹೋಗದು; ಎರವಲು ತಂದರೆ 9ರಿಂದ 6 ಹೋಗಿ 3. ನಡುವಿನ 2 ಈಗ 1 ಆಗಿದೆ, ಅದಕ್ಕೂ ಎರವಲು ಬೇಕು: 9ರಿಂದ 2 ಹೋಗಿ 7. ಕೊನೆಗೆ 5ರಿಂದ 1 ಹೋಗಿ 4. ಉತ್ತರ 473, ಮುಂದೆ 743ರಿಂದ 347 ಕಳೆದರೆ 374, ಅದು ಮತ್ತೆ ತನ್ನನ್ನೇ ಕೊಡುತ್ತದೆ. ಆರರ ಆಧಾರದಲ್ಲಿ ಹೀಗೆ ತನ್ನಲ್ಲಿಯೇ ನಿಲ್ಲುವ ಸಂಖ್ಯೆ 253. ಫಲಿತದ ಮೊದಲಲ್ಲಿ ಬರುವ ಸೊನ್ನೆಯನ್ನು ಮಾತ್ರ ಬಿಡಬಾರದು.

ಐದರ ಆಧಾರವನ್ನು ತೆಗೆದುಕೊಂಡ ಗುಂಪಿಗೆ ನಿಲ್ದಾಣವೇ ಸಿಗಲಿಲ್ಲ. 143 ಬಂದಿತು, ನಂತರ 242, ಮತ್ತೆ 143. ಲೆಕ್ಕ ತಪ್ಪಿರಬಹುದೆಂದು ಮಕ್ಕಳು ಅಳಿಸಿ ಅಳಿಸಿ ಮಾಡಿದರು, ಆದರೆ ಲೆಕ್ಕ ಸರಿಯಾಗಿಯೇ ಇತ್ತು. ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು.

ಕಾರಣವನ್ನು ಹೀಗೆ ಬಿಡಿಸಿದೆವು. ಆಧಾರವು b, ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ವ್ಯತ್ಯಾಸ d ಆಗಿರಲಿ. ನಡುವಿನ ಅಂಕಿ ಎರಡೂ ಸಂಖ್ಯೆಗಳಲ್ಲಿ ಒಂದೇ ಆಗಿರುವುದರಿಂದ ಫಲಿತವು d ಒಂದನ್ನೇ ಅವಲಂಬಿಸುತ್ತದೆ, ಮತ್ತು ಅದರ ಅಂಕಿಗಳು ಕ್ರಮವಾಗಿ d−1, b−1, b−d ಆಗುತ್ತವೆ. ಇದರಿಂದ ಮುಂದಿನ ವ್ಯತ್ಯಾಸವನ್ನು ತೆಗೆದರೆ, d ಆಧಾರದ ಅರ್ಧಕ್ಕಿಂತ ಹೆಚ್ಚಿದ್ದಾಗ ಒಂದೊಂದಾಗಿ ಇಳಿಯುತ್ತದೆ, ಕಡಿಮೆಯಿದ್ದಾಗ b−d ಆಗಿ ಅರ್ಧದ ಆಚೆಗೆ ದಾಟುತ್ತದೆ. ಆಧಾರವು ಸಮಸಂಖ್ಯೆಯಾದರೆ d ಸರಿಯಾಗಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಹತ್ತಕ್ಕೆ 5, ಆದ್ದರಿಂದಲೇ 495. ಬೆಸಸಂಖ್ಯೆಯಾದರೆ ಅರ್ಧವೇ ಪೂರ್ಣಾಂಕವಲ್ಲ, ಹಾಗಾಗಿ d ಅದರ ಎರಡು ಬದಿಯ ಪೂರ್ಣಾಂಕಗಳ ನಡುವೆ ಓಡಾಡುತ್ತಲೇ ಇರುತ್ತದೆ. ಏಳರ ಆಧಾರದಲ್ಲಿ 264 ಮತ್ತು 363 ಬರಬೇಕೆಂದು ಮಕ್ಕಳು ಲೆಕ್ಕ ಮಾಡುವ ಮೊದಲೇ ಹೇಳಿದರು, ಹಾಗೆಯೇ ಬಂದವು.

ನಾಲ್ಕಂಕಿಗಳಲ್ಲಿ ಈ ಸಮ-ಬೆಸದ ನಿಯಮ ನಿಲ್ಲುವುದಿಲ್ಲ: ಐದು ಬೆಸವಾದರೂ ಅದರ ಆಧಾರದಲ್ಲಿ 3320ರಿಂದ 0233 ಕಳೆದರೆ 3032 ಬರುತ್ತದೆ, ಅದು ತನ್ನಲ್ಲಿಯೇ ನಿಲ್ಲುತ್ತದೆ. ಅಲ್ಲಿ ಹೊರಗಿನ ಅಂಕಿಗಳದೊಂದು, ಒಳಗಿನವುಗಳದೊಂದು, ಹೀಗೆ ಎರಡು ವ್ಯತ್ಯಾಸಗಳನ್ನು ಹಿಡಿಯಬೇಕು. 6174ರ ಅಂಕಿಗಳನ್ನು 7641 ಎಂದು ಇಳಿಕೆ ಕ್ರಮದಲ್ಲಿ ಬರೆದರೆ ಹೊರಗಿನ ವ್ಯತ್ಯಾಸ 6, ಒಳಗಿನದು 2; ಆದ್ದರಿಂದ 6174 ಎಂದರೆ 999ರ ಆರರಷ್ಟು ಮತ್ತು 90ರ ಎರಡರಷ್ಟು. ಈಗ ಅಲ್ಲಿಂದ ಲೆಕ್ಕವನ್ನು ಮುಂದುವರಿಸುತ್ತಿದ್ದೇವೆ.