ವರದಿಗೆ ಐದು ರೂಪಾಯಿ, ಕೆಂಪು ಶಾಯಿ ಅಂಕಿಗೆ ಮಾತ್ರ

2018ರಲ್ಲಿ ನಾನು, ಜೆರಾಕ್ಸ್ ಅಂಗಡಿ ಇಟ್ಟುಕೊಂಡ ಅರೆಕಾಲಿಕ ವರದಿಗಾರ, ಮಕ್ಕಳಿಂದ ಪಂದ್ಯದ ವರದಿ ಬರೆಸಲು ಶುರುಮಾಡಿದಾಗ ನಮ್ಮ ತಾಲ್ಲೂಕಿನ ಹಿರಿಯ ಪತ್ರಿಕಾ ಬಾತ್ಮೀದಾರರೊಬ್ಬರು, ‘ಒತ್ತಕ್ಷರ ಬಾರದ ಮಕ್ಕಳ ಕೈಲಿ ಪಂದ್ಯದ ವರದಿ ಬರೆಸ್ತೀಯಾ? ಜೆರಾಕ್ಸ್ ಅಂಗಡೀಲಿ ಕಾಗದ ಜಾಸ್ತಿಯಾಗಿದೆಯಾ?’ ಅಂದಿದ್ದರು. ಹೋದ ತಿಂಗಳು ಅವರೇ ಅಂಗಡಿಗೆ ಬಂದು, ಮೊಮ್ಮಗಳನ್ನು ಸೇರಿಸಿಕೋ ಅಂದರು. ಅದಕ್ಕೇ ಈ ಬರಹ.

ಕೆಲಸ ಇಷ್ಟೇ. ಏಳರಿಂದ ಹತ್ತನೇ ತರಗತಿಯ ಮಕ್ಕಳು ತಾವು ಕಣ್ಣಾರೆ ಕಂಡ ಒಂದು ಪಂದ್ಯದ ಬಗ್ಗೆ ಒಂದು ಪುಟ ಬರೆದು ಶನಿವಾರ ತರಬೇಕು. ನಾನು ಅದನ್ನು ಎ3ಗೆ ದೊಡ್ಡದು ಮಾಡಿ, ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನ ಗೋಡೆಯ ಬೋರ್ಡಿಗೆ ಅಂಟಿಸುತ್ತೇನೆ. ಬರೆದವರಿಗೆ ಐದು ರೂಪಾಯಿ. ಶಾಲೆಯ ಬೋರ್ಡನ್ನು ಬೇಕೆಂದೇ ಬಿಟ್ಟೆ. ಅಲ್ಲಿ ಓದುವವರು ಮೇಷ್ಟ್ರು, ಇಲ್ಲಿ ಓದುವವರು ಪಂದ್ಯ ಆಡಿದವರು.

ಮೊದಲ ವರ್ಷ ಪೂರ್ತಿ ಮುಗ್ಗರಿಸಿದೆ. ತರಬೇತಿ ಶಿಬಿರ ಅಂತ ಮಾಡಿ, ಇಂಟ್ರೋ, ಹೆಡ್ಡಿಂಗ್ ಅಂತ ಪಾಠ ಹೊಡೆದೆ. ಇಪ್ಪತ್ತೆರಡು ಮಕ್ಕಳಿದ್ದದ್ದು ಮೂರನೇ ವಾರಕ್ಕೆ ನಾಲ್ಕಾಯಿತು. ಎರಡನೇ ವರ್ಷ ದಂಡದ ಪ್ರಯೋಗ: ‘ರೋಚಕ ಹಣಾಹಣಿ’, ‘ಭರ್ಜರಿ ಜಯ’, ‘ಧೂಳೀಪಟ’ ಅಂತ ಬರೆದರೆ ಪದಕ್ಕೊಂದು ರೂಪಾಯಿ ಕಡಿತ. ಒಬ್ಬ ಹುಡುಗನ ವರದಿಯಲ್ಲಿ ಆರು ಸಿಕ್ಕವು, ಅವನೇ ನನಗೆ ಒಂದು ರೂಪಾಯಿ ಬಾಕಿ. ಆ ಮೇಲೆ ಅವನು ಈ ಕಡೆ ತಲೆಹಾಕಲಿಲ್ಲ. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಧೋನಿ ರನೌಟಾಗಿ ನಾವು ನ್ಯೂಜಿಲೆಂಡಿಗೆ 18 ರನ್ನಿನಿಂದ ಸೋತ ವಾರವಂತೂ ಐದು ಮಕ್ಕಳಿಂದ ಐದು ಒಂದೇ ವರದಿ ಬಂದವು. ಪೇಪರಿನ ಅಚ್ಚಿನ ತಪ್ಪು ಸಮೇತ! ಅವತ್ತಿನಿಂದ ಟಿವಿ ಪಂದ್ಯ ಬಂದ್. ಕಾಪಿ ಹಿಡಿಯಲು ನನ್ನದೇ ಒಂದು ಉಪಾಯವಿದೆ. ಈ ಪುಟ ಮಕ್ಕಳ ಕೈಗೂ ಸಿಕ್ಕೀತು, ಹೇಳುವುದಿಲ್ಲ.

ಅಂಗಡಿಯಲ್ಲಿ ಕೂತು ಗೊಣಗುತ್ತಿದ್ದಾಗ ಹೆಂಡತಿ ಕೇಳಿದಳು: ‘ನಿಮ್ಮ ಮೇಷ್ಟ್ರು ನಿಮಗೆ ದಂಡ ಹಾಕಿದ್ರಾ?’

ಹಾಕಿರಲಿಲ್ಲ. 1996ರ ಮಾರ್ಚ್ 9, ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ನಾನು ಒಂಬತ್ತನೇ ತರಗತಿ. ಪಕ್ಕದ ಮನೆಯ ಕಪ್ಪು-ಬಿಳುಪು ಟಿವಿ ಮುಂದೆ ಮೂವತ್ತು ಜನ. ಬೌಂಡರಿ ಹೊಡೆದು ಬ್ಯಾಟು ತೋರಿಸಿದ ಪಾಕಿಸ್ತಾನದ ಆಮಿರ್ ಸೊಹೈಲ್‌ನ ಸ್ಟಂಪನ್ನು ನಮ್ಮ ವೆಂಕಟೇಶ್ ಪ್ರಸಾದ್ ಎಗರಿಸಿದಾಗ ಆ ಮನೆಯ ಅಜ್ಜಿ ಟಿವಿಗೇ ದೃಷ್ಟಿ ತೆಗೆದರು. ಭಾನುವಾರ ಕೂತು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದೆ. ಸೋಮವಾರ ಕನ್ನಡ ಮೇಷ್ಟ್ರ ಕೈಗೆ ಸಿಕ್ಕಿಬಿದ್ದೆ. ಅವರು ಓದಿ, ಒಂದೇ ಕಡೆ ಕೆಂಪು ಸುತ್ತು ಹಾಕಿದರು: ನಾನು 37 ರನ್ ಅಂತ ಬರೆದಿದ್ದೆ, ಗೆದ್ದದ್ದು 39ರಿಂದ. ಕಾಗುಣಿತದ ತಪ್ಪು ಕಡಿಮೆಯೆಂದರೂ ನಲವತ್ತು ಇದ್ದವು, ಒಂದನ್ನೂ ಮುಟ್ಟಲಿಲ್ಲ. ‘ಅಜ್ಜಿ ಚೆನ್ನಾಗಿ ಬಂದಿದಾಳೆ. ಕೆಳಗೆ ಹೆಸರು ಹಾಕು’ ಅಂದು ನೋಟೀಸ್ ಬೋರ್ಡಿಗೆ ಹಚ್ಚಿಸಿದರು. ಮಧ್ಯಾಹ್ನ ಜವಾನರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನು ಕಂಬದ ಹಿಂದೆ ನಿಂತು ಕೇಳಿದೆ. ಇವತ್ತಿಗೂ ಅರೆಕಾಲಿಕ ವರದಿಗಾರನಾಗಿ ಉಳಿದಿದ್ದರೆ ಆ ಮಧ್ಯಾಹ್ನವೇ ಕಾರಣ. ಸಂಭಾವನೆಯಂತೂ ಅಲ್ಲ.

ದಂಡ ತೆಗೆದುಹಾಕಿದೆ. ಸ್ಕೋರು, ಹೆಸರು, ಊರು ತಪ್ಪಿದ್ದರೆ ಮಾತ್ರ ಕೆಂಪು. ಭಾಷೆ ಹೇಗಿದೆಯೋ ಹಾಗೇ ಗೋಡೆಗೆ. ಪ್ರತಿ ವರದಿಯಲ್ಲೂ ಒಂದೇ ಒಂದು ಸಾಲಿಗೆ ಗೆರೆ ಎಳೆದು, ಅದು ಯಾಕೆ ಹಿಡಿಸಿತು ಅಂತ ಹೇಳುತ್ತೇನೆ. ಬರೀ ‘ಸೂಪರ್’ ಅಂದರೆ ಮಗು ನಂಬುವುದಿಲ್ಲ. ಹೋಟೆಲಿಗೆ ಬಂದ ಹೈಸ್ಕೂಲ್ ಮೇಷ್ಟ್ರು ‘ಮಹಾಪ್ರಾಣ ಎಲ್ರೀ?’ ಅಂತ ನಗುತ್ತಿದ್ದರು. ಸುಮಾರು ಹತ್ತನೇ ವರದಿಯ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವೇ ‘ಇದು ಸರಿನಾ ಸಾರ್?’ ಅಂತ ಕೇಳುತ್ತಾರೆ. ಆಗ ಹೇಳಿಕೊಡುತ್ತೇನೆ. ಕೆಲವರು ಕೇಳುವುದೇ ಇಲ್ಲ, ಇರಲಿ.

ಒಂದು ಗಲಾಟೆಯೂ ಆಯಿತು. ಹೊನಲು ಬೆಳಕಿನ ಕಬಡ್ಡಿಯಲ್ಲಿ ಊರಿನ ಹುಡುಗ ಕೊನೇ ರೈಡಿನಲ್ಲಿ ರೈಡರ್ ದಾಟಬೇಕಾದ ಬಾಕ್ ಲೈನ್ ದಾಟದೆ ವಾಪಸ್ ಬಂದು ಔಟಾದ. ನಮ್ಮ ವರದಿಗಾರ ಹೆಸರು ಹಾಕಿಯೇ ಬರೆದ. ಬೆಳಿಗ್ಗೆ ಆ ಹುಡುಗನ ಚಿಕ್ಕಪ್ಪ ಹಾಳೆ ಹರಿದು, ನನ್ನ ಅಂಗಡಿ ಮುಂದೆ ಕೂಗಾಡಿದರು. ಈಗ ನಿಯಮ: ತಪ್ಪು ಬರಿ, ಶಾಲಾ ಮಕ್ಕಳದ್ದಾದರೆ ಹೆಸರು ಬೇಡ. ಬೋರ್ಡಿಗೆ ಗಾಜು ಹಾಕಿಸಿದ್ದು ಹೋಟೆಲಿನವರು. ಅವರಿಗೂ ವ್ಯಾಪಾರ, ಓದುವವರು ನಿಂತೇ ಎರಡು ಟೀ ಕುಡಿಯುತ್ತಾರೆ.

ಕೋವಿಡ್ ಕಾಲದಲ್ಲಿ ಪಂದ್ಯವೇ ಇಲ್ಲ. ಬೀದಿಯ ಲಗೋರಿ, ಗೋಲಿ ಬರೆಸಿದೆ, ಚೆನ್ನಾಗಿಯೇ ಬಂದವು. ಮೊದಲು ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿ, ಆಮೇಲೆ ಬರೆಯಿರಿ ಅಂದದ್ದು ಕೆಟ್ಟಿತು, ಎಲ್ಲರೂ ಟಿವಿ ಕಾಮೆಂಟ್ರಿಯ ಗಂಟಲು ಮಾಡಿದರು. ವಾಲಿಬಾಲನ್ನು ಕಣ್ಣು ಮುಚ್ಚಿ ಕೇಳಿ ಬರೆಯುವ ಆಟ ಮಾತ್ರ ಈಗಲೂ ನಡೆಯುತ್ತದೆ. ಚೆಂಡು ಎತ್ತಿಕೊಡುವ ಲಿಫ್ಟಿನ ಸದ್ದಿಗೂ ಬಾರಿಸುವ ಸ್ಮ್ಯಾಶಿನ ಸದ್ದಿಗೂ ಒಬ್ಬ ಹುಡುಗ ಬರೆದ ವ್ಯತ್ಯಾಸ: ‘ರೊಟ್ಟಿ ತಟ್ಟಿದ ಹಾಗೆ, ಬಟ್ಟೆ ಒಗೆದ ಹಾಗೆ.’ ನನಗಂತೂ ಇಂಥದ್ದು ಹೊಳೆಯುತ್ತಿರಲಿಲ್ಲ.

ಟಿವಿ ಬಂದ್ ನಿಯಮ ಒಮ್ಮೆ ಮಾತ್ರ ಸಡಿಲಿಸಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್. ಮಹಿಳಾ ತಂಡದಲ್ಲಿ ನಮ್ಮ ಕಡೆಯ, ತಿ. ನರಸೀಪುರದ ಕುರುಬೂರಿನ ಚೈತ್ರಾ ಇದ್ದರಲ್ಲ! ಫೈನಲ್‌ನಲ್ಲಿ ನಮ್ಮವರು ನೇಪಾಳವನ್ನು 78–40ರಿಂದ ಸೋಲಿಸಿದರು. ಎಂಟನೇ ತರಗತಿಯ ಖೋಖೋ ಆಡುವ ಹುಡುಗಿಯೊಬ್ಬಳು ಬರೆದ ವರದಿಯಲ್ಲಿ ಸ್ಕೋರೇ ಇರಲಿಲ್ಲ. ಮೊದಲ ಸಾಲು, ‘ಮ್ಯಾಟ್ ಮೇಲೆ ಬಿದ್ದರೆ ಮಂಡಿ ತರಚಲ್ಲ, ಅದಕ್ಕೇ ಅವರು ಅಷ್ಟು ಧೈರ್ಯವಾಗಿ ಡೈವ್ ಹೊಡೀತಾರೆ.’ ಸ್ಕೋರು ಸೇರಿಸಲು ಹೇಳಿ, ಹಾಕಿದೆ. ಇಡೀ ವಾರ ಆ ಹಾಳೆ ಇಳಿಸಲು ಹೋಟೆಲಿನವರು ಬಿಡಲಿಲ್ಲ.

ಖರ್ಚು: ಪ್ಲೈವುಡ್ ಬೋರ್ಡಿಗೆ ಆಗ ಸಾವಿರದ ನಾನೂರೋ ಏನೋ. ಮಕ್ಕಳಿಗೆ ಕೊಡುವುದು ವರ್ಷಕ್ಕೆ ಮೂರು ಸಾವಿರದ ಹತ್ತಿರ. ಹಾಳೆ, ಟೋನರ್, ಹೋಬಳಿ ಮಟ್ಟದ ಕ್ರೀಡಾಕೂಟ ಮತ್ತು ದಸರಾ ಕೂಟಕ್ಕೆ ಕರೆದೊಯ್ಯುವ ಬಸ್ ಚಾರ್ಜು, ತಿಂಡಿ ಸೇರಿದರೆ ಒಂಬತ್ತು-ಹತ್ತು ಸಾವಿರ. ತಿಂಡಿಯೇ ಜಾಸ್ತಿ. ಇದುವರೆಗೆ ಅರವತ್ತು ಸಾವಿರ ದಾಟಿರಬೇಕು, ಹೆಂಡತಿ ಎಪ್ಪತ್ತು ಅನ್ನುತ್ತಾಳೆ. ಬಂದದ್ದು? ಈಗ ಹದಿನಾಲ್ಕು ಮಕ್ಕಳು ತಪ್ಪದೆ ಬರೆಯುತ್ತಾರೆ. ಮೂರು ವರದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅಚ್ಚಾಗಿವೆ, ಅದರಲ್ಲಿ ಒಂದಕ್ಕೆ ವರದಿ ತಿದ್ದುವ ಡೆಸ್ಕಿನವರು ಒಂದೇ ಪದ ಬದಲಿಸಿದ್ದರು. ನನ್ನ ವರದಿಗೆ ಅವರು ಇಂಥ ಮರ್ಯಾದೆ ಕೊಟ್ಟದ್ದು ನೆನಪಿಲ್ಲ. ಮೊದಲ ತಂಡದ ಒಬ್ಬಳು ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ.

ಮೊದಲ ವರದಿ ತಂದ ದಿನ ಪ್ರತಿ ಮಗುವಿಗೂ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಎರಡನೇ ವರದಿ ಬರುವುದು ಅದರಿಂದಲೇ. ಅದು ಏನೆಂದು ತಿಳಿಯಬೇಕಿದ್ದರೆ ಶನಿವಾರ ಅಂಗಡಿಗೆ ಬನ್ನಿ.

ಕಳೆದ ಶನಿವಾರ ಆ ಹಿರಿಯರ ಮೊಮ್ಮಗಳು ಮೊದಲ ವರದಿ ತಂದಳು. ಥ್ರೋಬಾಲ್. ಹಾಳೆ ತುಂಬ ಅಜ್ಜನ ಕೆಂಪು ಪೆನ್ನು, ಕೊನೆಗೆ ‘ರೋಚಕ’ ಅಂತ ಒಂದು ಸೇರ್ಪಡೆ ಬೇರೆ. ಐದು ರೂಪಾಯಿ ಕೊಟ್ಟು, ತಿದ್ದುವ ಮುಂಚಿನ ಹಾಳೆ ಇದ್ದರೆ ತಗೊಂಡು ಬಾ ಅಂತ ಕಳಿಸಿದ್ದೇನೆ.