ತೋಟದ ಕೆರೆಯಲ್ಲಿ ಎಂ.ಎಫ್.ಎಸ್‌ಸಿ. ಪ್ರಬಂಧದ ಮೇವು ಪ್ರಯೋಗ

ಕೊಡಗಿನ ಕಾಫಿ ತೋಟದ ಕೆರೆ ಮೀನಿಗೆಂದು ತೋಡಿದ್ದಲ್ಲ, ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ನೀರು ಬೇಕೆಂದು ತೋಡಿದ್ದು. ಹಾಗಾಗಿ ಇಲ್ಲಿ ಎಂ.ಎಫ್.ಎಸ್‌ಸಿ. (ಮೀನುಗಾರಿಕೆ ವಿಜ್ಞಾನದ ಸ್ನಾತಕೋತ್ತರ ಪದವಿ) ಪ್ರಬಂಧಕ್ಕೆ ಮೀನಿನ ಮೇವಿನ ಪ್ರಯೋಗ ಹೂಡುವವರು ಮೀನಿಗಿಂತ ಮೊದಲು ತೋಟದ ಕೆಲಸದ ದಿನಗಳನ್ನು ತಿಳಿದುಕೊಳ್ಳಬೇಕು.

ಫೆಬ್ರುವರಿ, ಮಾರ್ಚ್‌ನಲ್ಲಿ ಪಂಪ್ ಓಡಿತೆಂದರೆ ಹಾಪಾ, ಅಂದರೆ ಮರಿ ಸಾಕಲು ಕೆರೆಯೊಳಗೆ ಕಟ್ಟುವ ಪೆಟ್ಟಿಗೆಯಾಕಾರದ ಬಲೆ, ಕೆಸರಿಗೆ ತಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೋಡಿ ಹರಿಯುತ್ತದೆ, ಬಿಸಿಲೇ ಇರುವುದಿಲ್ಲ. ಕೈಗೆ ಸಿಗುವುದು ಸೆಪ್ಟೆಂಬರ್ ಕೊನೆಯಿಂದ ಸುಮಾರು 90 ದಿನ. ಚಳಿ ಏರುವ ಕಾಲವಾದ್ದರಿಂದ ಕಾಟ್ಲಾಕ್ಕಿಂತ ಸಾಮಾನ್ಯ ಗೆಂಡೆ ವಾಸಿ.

ಈ ಅವಧಿಯಲ್ಲೂ ಎರಡು ಕಂಟಕಗಳಿವೆ. ಮಳೆ ಮುಗಿದ ಮೇಲೆ ಕಾಫಿ ಗಿಡಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹೊಡೆಯುತ್ತಾರೆ. ಅದರ ಮೈಲುತುತ್ತ ಮಳೆನೀರಿನ ಜೊತೆ ಕೆರೆಗೆ ಇಳಿದರೆ, ಇಲ್ಲಿನ ಮೆದು (ಕ್ಯಾಲ್ಸಿಯಂನಂಥ ಲವಣ ಕಡಿಮೆಯಿರುವ) ನೀರಿನಲ್ಲಿ ತಾಮ್ರ ಬಂಧಿಯಾಗದೆ ಕಿವಿರಿಗೆ ಅಂಟುತ್ತದೆ. ಅದೇ ಪ್ರಮಾಣವನ್ನು ಗಡಸು ನೀರಿನ ಮೀನು ತಾಳಿಕೊಂಡೀತು. ಡಿಸೆಂಬರ್ ಹೊತ್ತಿಗೆ ಅರೇಬಿಕಾ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರು, ಬಂದರೆ ಆಮ್ಲಜನಕ ಒಂದೇ ರಾತ್ರಿಯಲ್ಲಿ ಕುಸಿಯಬಹುದು. ಎರಡರ ದಿನಾಂಕವನ್ನೂ ತೋಟದ ರೈಟರ್ (ಲೆಕ್ಕ ಬರೆಯುವವರು) ಹತ್ತಿರ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ.

ನೀರಿನ ಒಟ್ಟು ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸೆಂಟಿಗೆ 4 ಕೆಜಿ ಕೃಷಿ ಸುಣ್ಣ ಎರಚಿ, ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಸುಟ್ಟ ಸುಣ್ಣ ಬೇಡ. ಪಿಎಚ್ ಒಮ್ಮೆಲೇ ಜಿಗಿಯುತ್ತದೆ.

ಮೂರು ಬಗೆಯ ಮೇವಿಗೆ ತಲಾ ಮೂರರಂತೆ 2×1×1 ಮೀಟರಿನ ಒಂಬತ್ತು ಹಾಪಾ ಕಟ್ಟಿ. ತಳ ಕೆಸರಿನಿಂದ 30 ಸೆಂ.ಮೀ. ಮೇಲಿರಲಿ. ಯಾವ ಹಾಪಾಕ್ಕೆ ಯಾವ ಮೇವು ಎಂಬುದನ್ನು ಚೀಟಿ ಎತ್ತಿಯೇ ತೀರ್ಮಾನಿಸಿ, ಕಟ್ಟೆಗೆ ಹತ್ತಿರವಾದುದಕ್ಕೆ ನಿಮ್ಮ ನೆಚ್ಚಿನ ಮೇವು ಹಾಕುವ ಆಸೆ ಬೇಡ. ಮೇಲೆ ಬಲೆ ಹೊದಿಸದಿದ್ದರೆ ಮಿಂಚುಳ್ಳಿಗೆ ಹಬ್ಬ. ಪಾಚಿ ಕಟ್ಟಿದರೆ ನೀರು ಆಡುವುದಿಲ್ಲ, ವಾರಕ್ಕೊಮ್ಮೆ ಬ್ರಷ್‌ನಿಂದ ಉಜ್ಜಿ.

ಪ್ರತಿ ಹಾಪಾಕ್ಕೆ ಒಂದೇ ಗಾತ್ರದ 20 ಮರಿ ಎಣಿಸಿ ಬಿಡಿ. ದೇಹತೂಕದ ಶೇ. 4ರಷ್ಟು ಮೇವನ್ನು ಎರಡು ಹೊತ್ತು ಹಂಚಿ. 15 ದಿನಕ್ಕೊಮ್ಮೆ ತೂಗಿ ಪ್ರಮಾಣ ಬದಲಿಸಿ. ತೂಗುವ ಹಿಂದಿನ ದಿನ ಉಪವಾಸ, ಇಲ್ಲದಿದ್ದರೆ ಹೊಟ್ಟೆಯೊಳಗಿನ ಮೇವೂ ಬೆಳವಣಿಗೆಯ ಲೆಕ್ಕಕ್ಕೆ ಬರುತ್ತದೆ. ಆಮ್ಲಜನಕ ಅಳೆಯುವುದು ಸೂರ್ಯ ಹುಟ್ಟುವ ಮುಂಚೆ. ಹತ್ತು ಗಂಟೆಯ ಅಂಕಿ ಚೆಂದ ಕಾಣುತ್ತದೆ, ಅಷ್ಟೇ.

ಹೆಚ್ಚಿನವರು ಎಡವುವುದು ಎಣಿಕೆಯಲ್ಲಿ. ಮೇವೊಂದಕ್ಕೆ 60 ಮೀನು ಇದ್ದಾವೆಂದು 60 ಮಾದರಿ ಎಂದು ಬರೆಯುತ್ತಾರೆ. ಒಂದೇ ಹಾಪಾದ ಮೀನುಗಳು ಒಂದೇ ನೀರು, ಒಂದೇ ಜಗಳ ಹಂಚಿಕೊಂಡವು. ಪ್ರಯೋಗದ ಘಟಕ ಹಾಪಾ, ಆದ್ದರಿಂದ ಮಾದರಿ ಮೂರೇ. ಬೆಳವಣಿಗೆ ದರ ಹೀಗೆ: ಕೊನೆಯ ತೂಕದ ಸ್ವಾಭಾವಿಕ ಲಾಗ್‌ನಿಂದ ಮೊದಲಿನ ತೂಕದ ಲಾಗ್ ಕಳೆದು, ದಿನಗಳಿಂದ ಭಾಗಿಸಿ, 100ರಿಂದ ಗುಣಿಸಿ. ಸತ್ತ ಮರಿಯ ತೂಕ, ದಿನಾಂಕ ಆ ದಿನವೇ ಪುಸ್ತಕಕ್ಕೆ ಏರಲಿ. ಅದು ತಿಂದ ಮೇವು ಲೆಕ್ಕದಲ್ಲಿ ಉಳಿದು ಅದರ ತೂಕ ಬಿಟ್ಟುಹೋದರೆ ಒಳ್ಳೆಯ ಮೇವೂ ಕೆಟ್ಟದಾಗಿ ಕಾಣುತ್ತದೆ.