ಪೋರ್ಟ್ ಹಿಡಿದು ಕೂತವರು ಯಾರು? ಪತ್ತೆ ಮಾಡುವುದು ಹೀಗೆ

‘ಸರ, ನಿನ್ನಿ ಛಲೋ ಓಡಿತ್ರಿ, ಇವತ್ತ ಅಡ್ರೆಸ್ ಆಲ್‌ರೆಡಿ ಇನ್ ಯೂಸ್ ಅಂತದ.’

ಕಲಬುರಗಿಯ ನಮ್ಮ ಲ್ಯಾಬಿನಲ್ಲಿ ಸಾಕೆಟ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ಕೊಂಡಿ) ಪಾಠ ಶುರುವಾದರೆ ಈ ಮಾತು ಕೇಳದ ದಿನವಿಲ್ಲ. ಬಹಳ ಮಕ್ಕಳು ಕೂಡಲೇ ಕಂಪ್ಯೂಟರ್ ರೀಸ್ಟಾರ್ಟ್ ಮಾಡುತ್ತಾರೆ. ದೋಷ ಹೋಗುತ್ತದೆ, ಕಾರಣ ತಿಳಿಯುವುದೇ ಇಲ್ಲ.

ಎರಡು ಪ್ರೋಗ್ರಾಂಗಳು ಮಾತಾಡಲು ಒಂದು ವಿಳಾಸ ಬೇಕು: ಐಪಿ (ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ) ಜೊತೆಗೆ ಪೋರ್ಟ್ ಸಂಖ್ಯೆ, ಇಲ್ಲವೇ ಒಂದೇ ಕಂಪ್ಯೂಟರಿನೊಳಗೆ ಮಾತಾಡಲು ಸಾಕೆಟ್ ಫೈಲ್. ಶರಣಬಸವೇಶ್ವರ ಜಾತ್ರೆಯಲ್ಲಿ ಅಂಗಡಿಗೆ ಜಾಗ ಹಿಡಿದಂತೆ, ಒಬ್ಬರು ಕೂತಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. ಈ ದೋಷದ ಸಂಖ್ಯೆ ಲಿನಕ್ಸ್‌ನಲ್ಲಿ 98, ಮ್ಯಾಕ್‌ನಲ್ಲಿ 48, ವಿಂಡೋಸ್‌ನಲ್ಲಿ 10048.

ಮೊದಲು ಜಾಗ ಯಾರದೆಂದು ನೋಡಿ. ಲಿನಕ್ಸ್‌ನಲ್ಲಿ ‘ಎಸ್‌ಎಸ್’, ಮ್ಯಾಕ್‌ನಲ್ಲಿ ‘ಎಲ್‌ಎಸ್‌ಒಎಫ್’ ಕಮಾಂಡ್ ಹೇಳುತ್ತದೆ. ವಿಂಡೋಸ್‌ನಲ್ಲಿ ‘ನೆಟ್‌ಸ್ಟ್ಯಾಟ್’ ಕೊಟ್ಟು ಎ, ಎನ್, ಒ ಆಯ್ಕೆ ಸೇರಿಸಿದರೆ ಕೊನೆಯ ಕಾಲಂನಲ್ಲಿ ಪ್ರೋಸೆಸ್ ಸಂಖ್ಯೆ ಬರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಹುಡುಕಿದರೆ ಹೆಸರು ಸಿಗುತ್ತದೆ. ಹೆಚ್ಚಿನ ಸಲ ಅದು ಇನ್ನೊಂದು ಟರ್ಮಿನಲ್‌ನಲ್ಲಿ ಮರೆತುಬಿಟ್ಟ ನಿಮ್ಮದೇ ಸರ್ವರ್. ಮ್ಯಾಕ್‌ನ ಹೊಸ ಆವೃತ್ತಿಗಳಲ್ಲಿ 5000ನೇ ಪೋರ್ಟನ್ನು ಏರ್‌ಪ್ಲೇ (ಹಾಡು, ವಿಡಿಯೊ ಹಂಚುವ ಆ್ಯಪಲ್ ಸೇವೆ) ಹಿಡಿದಿರಬಹುದು. ಆಗ ನೀವೇ ಬೇರೆ ಸಂಖ್ಯೆಗೆ ಹೋಗಿ.

ಯಾರೂ ಇಲ್ಲದಿದ್ದರೂ ದೋಷ ಬಂದರೆ? ಸರ್ವರ್ ಮುಚ್ಚಿದರೂ ಹಳೆಯ ಟಿಸಿಪಿ ಸಂಪರ್ಕ ಸ್ವಲ್ಪ ಹೊತ್ತು ‘ಟೈಮ್-ವೇಟ್’ ಸ್ಥಿತಿಯಲ್ಲಿರುತ್ತದೆ, ಲಿನಕ್ಸ್‌ನಲ್ಲಿ 60 ಸೆಕೆಂಡು. ತಡವಾಗಿ ಬರುವ ಹಳೆಯ ಪ್ಯಾಕೆಟ್‌ಗಳು ಹೊಸ ಸಂಪರ್ಕಕ್ಕೆ ಸೇರದಿರಲಿ ಎಂಬ ಕಾಳಜಿ ಅದು. ಬೈಂಡ್ ಮಾಡುವ, ಅಂದರೆ ಪ್ರೋಗ್ರಾಂ ವಿಳಾಸ ಹಿಡಿಯುವ ಮುನ್ನ ‘ರೀಯೂಸ್ ಅಡ್ರೆಸ್’ ಆಯ್ಕೆ ಹಾಕಿದರೆ ಲಿನಕ್ಸ್‌ನಲ್ಲಿ ಕಾಯಬೇಕಿಲ್ಲ.

ಇದನ್ನೇ ವಿಂಡೋಸ್‌ಗೆ ನಕಲು ಮಾಡಬೇಡಿ. ಅಲ್ಲಿ ಇದೇ ಹೆಸರಿನ ಆಯ್ಕೆ, ಬೇರೊಂದು ಪ್ರೋಗ್ರಾಂ ಬಳಸುತ್ತಿರುವ ಪೋರ್ಟಿನ ಮೇಲೆಯೇ ನಿಮ್ಮದನ್ನು ಕೂರಿಸಬಲ್ಲದು. ಸಂದೇಶ ಯಾರ ಕೈಗೆ ಹೋಗುತ್ತದೆಂಬ ಖಾತ್ರಿಯಿಲ್ಲ. ಅಲ್ಲಿ ಸರ್ವರ್‌ಗೆ ‘ಎಕ್ಸ್‌ಕ್ಲೂಸಿವ್ ಅಡ್ರೆಸ್ ಯೂಸ್’ ಆಯ್ಕೆಯೇ ಸರಿ. ಎರಡೂ ಕಡೆ ಓಡುವ ಕೋಡಿನಲ್ಲಿ ನಾನು ಮೊದಲು ಹುಡುಕುವ ತಪ್ಪು ಇದೇ.

ಸಾಕೆಟ್ ಫೈಲಿನ ಕತೆ ಬೇರೆ. ವ್ಯಾಪಾರಿ ಊರಿಗೆ ಹೋದರೂ ಹಂದರ ನಿಂತೇ ಇದ್ದಂತೆ, ಪ್ರೋಗ್ರಾಂ ಅರ್ಧಕ್ಕೆ ಸತ್ತರೂ ಫೈಲ್ ಉಳಿಯುತ್ತದೆ. ಕಂಡ ಕೂಡಲೇ ಅಳಿಸಬೇಡಿ. ಒಮ್ಮೆ ಕನೆಕ್ಟ್ ಮಾಡಿ ನೋಡಿ. ‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಒಳಗೆ ಕೇಳುವವರಿಲ್ಲ, ಆಗ ಅಳಿಸಿ ಬೈಂಡ್ ಮಾಡಿ.

ಪರೀಕ್ಷೆಗಷ್ಟೇ ಸರ್ವರ್ ಬೇಕಿದ್ದರೆ ಪೋರ್ಟ್ 0 ಕೊಡಿ. ಖಾಲಿಯಿರುವ ಸಂಖ್ಯೆಯನ್ನು ಆಪರೇಟಿಂಗ್ ಸಿಸ್ಟಮ್ಮೇ ಆರಿಸುತ್ತದೆ. ಅದನ್ನು ‘ಗೆಟ್‌ಸಾಕ್‌ನೇಮ್’ ಮೂಲಕ ಓದಿ ಕ್ಲೈಂಟ್‌ಗೆ ತಿಳಿಸಿ.